ಲೆಕ್ಕಕ್ಕೆ ಸಿಗದ ಗುಂಡು

1857ರ ನವೆಂಬರಿನಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಹತಾರ ಕೊಡುವುದಿಲ್ಲವೆಂದು ಎದ್ದು ನಿಂತರು. ಅದೇ ವರ್ಷ ಕುಂಪಣಿ ಸರಕಾರ ತಂದ ನಿಶ್ಶಸ್ತ್ರೀಕರಣ ಕಾಯ್ದೆಯ ಪ್ರಕಾರ ಊರಿನವರೆಲ್ಲ ತಮ್ಮಲ್ಲಿದ್ದ ಆಯುಧಗಳನ್ನು ತೋರಿಸಿ, ಬರೆಸಿ, ಪರವಾನಗಿ ಪಡೆಯಬೇಕಿತ್ತು. ಬೇಟೆಯಿಂದಲೇ ಬದುಕಿದ ಜನ ಅದಕ್ಕೆ ಒಪ್ಪಲಿಲ್ಲ. ಕರ್ನಲ್ ಮಾಲ್ಕಮ್‌ನ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಜನರೆದುರು ನೇಣು ಹಾಕಿದರು. ಈ ಕಥೆಯನ್ನು ಲಾವಣಿಕಾರರು ಉಳಿಸಿದರು. ಫ್ಲೀಟ್ ಸಾಹೇಬ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಇಂದಿನ ಮಕ್ಕಳು ಅದನ್ನು ಪಠ್ಯದಲ್ಲಿ ಓದುತ್ತಾರೆ.

ಅದೇ 1857ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ ಎಂಬಿಬ್ಬರು ಒಂದು ಪುಟ್ಟ ಪಿಸ್ತೂಲನ್ನೂ ಅದಕ್ಕೊಂದು ಪುಟ್ಟ ಕಾಡತೂಸನ್ನೂ ಮಾರುಕಟ್ಟೆಗೆ ತಂದರು. ಅದು ಪಾಯಿಂಟ್ 22 ಶಾರ್ಟ್. ಒಂದು ಕಡೆ ಬಂದೂಕು ಲೆಕ್ಕದ ಪುಸ್ತಕಕ್ಕೆ ಸೇರಿತು, ಇನ್ನೊಂದು ಕಡೆ ಜೇಬಿಗೆ ಇಳಿಯಿತು. ಎರಡಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ಆದರೆ ಇವತ್ತು ಜಮಖಂಡಿಯಲ್ಲೋ ಬೀಳಗಿಯಲ್ಲೋ ರಬಕವಿ-ಬನಹಟ್ಟಿಯಲ್ಲೋ ಪರವಾನಗಿ ಇರುವ ಒಬ್ಬ ಶೂಟರ್ ಪಾಯಿಂಟ್ 22 ರೈಫಲ್ ಹಿಡಿದು ಮನೆಯಲ್ಲಿ ಅಭ್ಯಾಸಕ್ಕೆ ಕೂತರೆ ಅವನ ಕೈ ಈ ಎರಡು ಚರಿತ್ರೆಗಳನ್ನೂ ಒಟ್ಟಿಗೆ ಮುಟ್ಟುತ್ತದೆ. ಮೊದಲನೆಯದರಿಂದ ಗುಂಡಿನ ಕೊರತೆ ಬಂದಿದೆ, ಎರಡನೆಯದರಿಂದ ಗುಂಡಿಲ್ಲದೆ ಕುದುರೆ ಎಳೆದರೆ ಬಂದೂಕೇ ಕೆಡುವ ತೊಂದರೆ.

ತೊಂದರೆಯನ್ನು ಮೊದಲು ನೋಡೋಣ. ಪ್ಯಾರಿಸ್ಸಿನ ಲೂಯಿ ನಿಕೊಲಾ ಫ್ಲೋಬೆರ್ 1845ರಲ್ಲಿ ಕೇಪಿನ ತಲೆಗೇ ಒಂದು ಸಣ್ಣ ಸೀಸದ ಗುಂಡು ಕೂರಿಸಿ, ಮನೆಯೊಳಗೆ ಗುರಿಯಾಟ ಆಡುವ ಬಂದೂಕು ಮಾಡಿದ್ದ. ಮದ್ದು ಬೇರೆ ಇರಲಿಲ್ಲ, ಕೇಪಿನ ಸಿಡಿತವೇ ಸಾಕಿತ್ತು. ಸ್ಮಿತ್-ವೆಸನ್ ಅದನ್ನೇ ಬೆಳೆಸಿದರು. ಹಿತ್ತಾಳೆಯ ಕೊಳವೆಯ ಹಿಂಭಾಗವನ್ನು ಹೊರಗೆ ಮಡಚಿ ಅಂಚು ಮಾಡಿ, ಆ ಅಂಚಿನೊಳಗಿನ ಪೊಳ್ಳಿಗೆ ಸಿಡಿಮದ್ದು ತುಂಬಿದರು. ರಿಮ್‌ಫೈರ್ ಎಂದರೆ ಇಷ್ಟೇ. 1887ರಲ್ಲಿ ಸ್ಟೀವನ್ಸ್ ಕಂಪನಿ ತಂದ ಪಾಯಿಂಟ್ 22 ಲಾಂಗ್ ರೈಫಲ್ ಕಾಡತೂಸು ಈ ವಂಶದ್ದೇ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಈಗಲೂ ಅದೇ.

ದೊಡ್ಡ ಬಂದೂಕುಗಳಲ್ಲಿ ಕೇಪು ಕಾಡತೂಸಿನ ನಡುವೆ ಇರುತ್ತದೆ. ಕಾಡತೂಸಿಲ್ಲದಾಗ ಪಿನ್ನು ಮುಂದಕ್ಕೆ ಹಾರಿದರೆ ನಳಿಗೆಯ ಟೊಳ್ಳಿಗೆ ಹೋಗುತ್ತದೆ, ಯಾವುದಕ್ಕೂ ಬಡಿಯುವುದಿಲ್ಲ. ರಿಮ್‌ಫೈರಿನಲ್ಲಿ ಪಿನ್ನು ಬೀಳಬೇಕಾದದ್ದು ಅಂಚಿಗೆ. ಆ ಅಂಚಿನ ದಪ್ಪ ಒಂದು ಮಿಲಿಮೀಟರಿಗೆ ತುಸು ಹೆಚ್ಚು. ಅದರ ಹಿಂದೆಯೇ ಚೇಂಬರಿನ ಉಕ್ಕಿನ ಬಾಯಿ, ಕಮ್ಮಾರನ ಅಡಿಗಲ್ಲಿನಂತೆ ಏಟಿಗೆ ಕಾಯುತ್ತಿರುತ್ತದೆ. ಕಾಡತೂಸಿದ್ದರೆ ಮೆತ್ತನೆಯ ಹಿತ್ತಾಳೆ ಪೆಟ್ಟು ತಿನ್ನುತ್ತದೆ. ಇಲ್ಲದಿದ್ದರೆ ಉಕ್ಕಿಗೆ ಉಕ್ಕು. ದಿನಾ ಹೀಗೆ ಬಡಿದರೆ ಚೇಂಬರಿನ ಬಾಯಲ್ಲಿ ತಗ್ಗು ಬಿದ್ದು ಉಬ್ಬು ಏಳುತ್ತದೆ, ಕಾಡತೂಸು ಒಳಗೆ ಹೋಗಲು ಅಥವಾ ಹೊರಬರಲು ತಡವರಿಸುತ್ತದೆ. ಪಿನ್ನಿನ ತುದಿಯೂ ಮೊಂಡಾಗುತ್ತದೆ. ಈಚಿನ ಹಲವು ರೈಫಲ್‌ಗಳಲ್ಲಿ ಪಿನ್ನು ಅಷ್ಟು ದೂರ ಹೋಗದಂತೆ ತಡೆ ಇದೆ. ಅಮೆರಿಕದ ರೂಗರ್ 10/22 ರೈಫಲಿನ ಕೈಪಿಡಿಯಂತೂ ಖಾಲಿ ಹೊಡೆದರೆ ಅಡ್ಡಿಯಿಲ್ಲ ಎನ್ನುತ್ತದೆ. ಹಳೆಯ ರೈಫಲ್‌ಗಳ ವಿಷಯದಲ್ಲಿ ಆ ಧೈರ್ಯ ಬೇಡ.

ಹಾಗಾದರೆ ಖಾಲಿ ಹೊಡೆಯುವುದಾದರೂ ಯಾಕೆ? ಮುಧೋಳದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದಾಯುದ್ಧವನ್ನು ಬರೆದ ರನ್ನ ಆ ಊರಿನ ಬಳೆಗಾರರ ಮನೆಯವನು. ಅವನ ಕಾವ್ಯಕ್ಕೆ ಮೂಲವಾದ ವ್ಯಾಸಭಾರತದ ಶಲ್ಯಪರ್ವದಲ್ಲಿ ಕೃಷ್ಣ ಧರ್ಮರಾಯನಿಗೆ ಒಂದು ಮಾತು ಹೇಳುತ್ತಾನೆ: ಹದಿಮೂರು ವರ್ಷ ದುರ್ಯೋಧನ ಕಬ್ಬಿಣದ ಭೀಮನನ್ನು ಮಾಡಿಸಿಕೊಂಡು ಅದರ ಮೇಲೆ ಗದೆ ಬೀಸುತ್ತಿದ್ದಾನೆ, ಹುಷಾರು. ಎದುರಾಳಿಯೇ ಇಲ್ಲದ ಆ ಹದಿಮೂರು ವರ್ಷಗಳೇ ಕೃಷ್ಣನಿಗೂ ದಿಗಿಲು ಹುಟ್ಟಿಸಿದ್ದು. ರೈಫಲಿನಲ್ಲೂ ಹಾಗೆಯೇ. ಉಸಿರು ಹಿಡಿಯುವುದು, ಕಣ್ಣು ಗುರಿಗೆ ಕೂಡುವುದು, ಬೆರಳು ಟ್ರಿಗರನ್ನು ನೇರ ಹಿಂದಕ್ಕೆ ತರುವುದು, ಹೊಡೆದ ಮೇಲೂ ಒಂದು ಕ್ಷಣ ಅಲುಗದಿರುವುದು, ಇವಕ್ಕೆಲ್ಲ ಗುಂಡು ಬೇಕಿಲ್ಲ. ಗುಂಡು ಹಾರಿದಾಗ ಸದ್ದಿನಲ್ಲಿ ಮುಚ್ಚಿಹೋಗುವ ತಪ್ಪು ಖಾಲಿ ಹೊಡೆತದಲ್ಲಿ ಕಣ್ಣಿಗೆ ಕಾಣುತ್ತದೆ. ನಳಿಗೆಯ ತುದಿಯಲ್ಲಿ ಒಂದು ನಾಣ್ಯ ಇಟ್ಟು ಟ್ರಿಗರ್ ಎಳೆಯಿಸುವುದು ಸೈನ್ಯದ ಹಳೆಯ ಪಾಠ. ನಾಣ್ಯ ಬಿದ್ದರೆ ಬೆರಳು ಜಗ್ಗಿದೆ ಎಂದರ್ಥ. ಮನೆಯ ವಸ್ತುವೊಂದು ಬಂದೂಕಿನ ಪಾಠಕ್ಕೆ ನಿಲ್ಲುವುದರಲ್ಲಿ ಇದಕ್ಕಿಂತ ಅಗ್ಗದ್ದು ನನಗೆ ಗೊತ್ತಿಲ್ಲ. ಆ ನಾಣ್ಯವಾದರೂ ಖರ್ಚಾಗುವುದಿಲ್ಲ.

ಗುಂಡು ಉಳಿಸುವ ಚಿಂತೆ ಸಾಮ್ರಾಜ್ಯಗಳಿಗೂ ಇತ್ತು. 1880ರ ದಶಕದಲ್ಲಿ ಬ್ರಿಟಿಷ್ ಸೈನ್ಯ ಮಾರ್ಟಿನಿ-ಹೆನ್ರಿ ರೈಫಲಿನ ದೊಡ್ಡ ನಳಿಗೆಯೊಳಗೆ ಮಾರಿಸ್ ಟ್ಯೂಬ್ ಎಂಬ ಸಣ್ಣ ನಳಿಗೆ ತೂರಿಸಿ ಅಗ್ಗದ ಗುಂಡಿನಲ್ಲಿ ತರಬೇತಿ ಕೊಟ್ಟಿತು. ಆಮೇಲೆ ಆ ಜಾಗಕ್ಕೆ ಪಾಯಿಂಟ್ 22 ಬಂತು. ಸ್ವಾತಂತ್ರ್ಯದ ನಂತರ, 1948ರ ಕಾಯ್ದೆಯಿಂದ ಹುಟ್ಟಿದ ಎನ್‌ಸಿಸಿಯ ಹುಡುಗ ಹುಡುಗಿಯರ ಕೈಗೂ ಅದೇ ಅಳತೆಯ ರೈಫಲ್ ಸಿಕ್ಕಿತು. ಕಾಲೇಜು ಮೈದಾನದಲ್ಲಿ ಮಲಗಿ 'ಭರ್', 'ಖಾಲಿ ಕರ್' ಎಂಬ ಹಿಂದಿ ಆಜ್ಞೆಗಳಿಗೆ ಬೋಲ್ಟ್ ಆಡಿಸಿದವರು ನಮ್ಮ ಈ ಭಾಗದಲ್ಲೂ ಬೇಕಾದಷ್ಟು ಜನ. ಅವರಿಗೆ ನೆನಪಿರುವುದು ಹೊಡೆದ ಗುಂಡಿಗಿಂತ ಹೊಡೆದಾದ ಮೇಲಿನ ಎಣಿಕೆ. ಖೋಕಾ, ಅಂದರೆ ಸಿಡಿದ ಕಾಡತೂಸಿನ ಖಾಲಿ ಕೊಳವೆ, ಒಂದೂ ಕಡಿಮೆಯಾಗುವಂತಿಲ್ಲ. ಹುಲ್ಲಿನಲ್ಲಿ ಬಿದ್ದಿದ್ದರೆ ಎಲ್ಲರೂ ಬಗ್ಗಿ ಹುಡುಕಬೇಕು.

ಹಲಗಲಿಯ ನೆರಳು ನನಗೆ ಕಾಣುವುದು ಇಲ್ಲಿಯೇ. 1857ರ ಕಾಯ್ದೆಯ ಹಾದಿಯಲ್ಲಿ 1878ರದ್ದು ಬಂತು, ಅದರ ಜಾಗಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಬಂದೂಕಿಗೆ ಮಾತ್ರವಲ್ಲ, ವರ್ಷಕ್ಕೆ ಎಷ್ಟು ಗುಂಡು ಕೊಳ್ಳಬಹುದು ಎಂಬುದಕ್ಕೂ ಪರವಾನಗಿ ಪುಸ್ತಕದಲ್ಲಿ ಮಿತಿ ಬರೆದಿರುತ್ತದೆ. ಚುನಾವಣೆ ಬಂತೆಂದರೆ ಪರವಾನಗಿಯ ಬಂದೂಕುಗಳು ಠಾಣೆಗೆ ನಡೆಯುತ್ತವೆ. ಇದೇ ರಾಜ್ಯದ ಕೊಡಗಿನ ಕಥೆ ಬೇರೆ. ಅಲ್ಲಿನ ಕೊಡವರಿಗೆ 1861ರಲ್ಲೇ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ. ಕೈಲ್‌ಪೋಳ್ದ್ ಹಬ್ಬದ ದಿನಗಳಲ್ಲಿ ಪಾಯಿಂಟ್ 22 ರೈಫಲಿನಿಂದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ಅಲ್ಲಿ ಊರೂರಲ್ಲಿ ನಡೆಯುತ್ತವೆ. ಒಂದೇ ಕಾಯ್ದೆಗೆ ಒಬ್ಬರು ನೇಣಿಗೇರಿದರು, ಇನ್ನೊಬ್ಬರು ಹೊರಗುಳಿದರು. ಕಾಯ್ದೆ ಇರಲಿ ಎನ್ನುವವನೇ ನಾನು. ಬಂದೂಕು ಎಲ್ಲರ ಕೈಗೆ ಸಿಗುವ ದೇಶಗಳ ಸುದ್ದಿಯನ್ನು ನಾವು ಓದುತ್ತಲೇ ಇದ್ದೇವೆ. ಆದರೆ ಗುಂಡಿಗೆ ಲೆಕ್ಕವಿರುವ ನಾಡಿನಲ್ಲಿ ಗುರಿಕಾರ ಬೆಳೆಯಬೇಕಾದರೆ ಲೆಕ್ಕವಿಲ್ಲದ ಗುಂಡೊಂದು ಬೇಕಾಗುತ್ತದೆ.

ಅದು ಸಿಕ್ಕಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ, ಗೋಡೆಗೆ ಹಾಕುವ ಪ್ಲಗ್ಗಿನ ರೂಪದಲ್ಲಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಗೋಡೆಗಳಿಗೆ ಹಾನಿಯಾಗದಂತೆ ವಿದ್ಯುತ್ ಸಾಮಾನು ಕೂರಿಸಬೇಕಾಗಿ ಬಂದಾಗ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರ, ಮೊದಲ ಮಹಾಯುದ್ಧಕ್ಕೆ ಕೆಲವೇ ವರ್ಷ ಮುಂಚೆ, ಸೆಣಬಿನ ನಾರಿನ ಬಿರಡೆಯೊಂದನ್ನು ಮಾಡಿದ. ನಮ್ಮ ಎಲೆಕ್ಟ್ರಿಷಿಯನ್‌ಗಳ ಬಾಯಲ್ಲಿ ರಾವಲ್ ಪ್ಲಗ್ ಎಂದು ಉಳಿದಿರುವುದು ಅದೇ. 1958ರಲ್ಲಿ ಜರ್ಮನಿಯ ಆರ್ತುರ್ ಫಿಶರ್ ಅದನ್ನು ನೈಲಾನಿನಲ್ಲಿ ಮಾಡಿದ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಹಳದಿ ಬಣ್ಣದ ಸಣ್ಣ ಪ್ಲಾಸ್ಟಿಕ್ ಪ್ಲಗ್ಗಿಗೆ ತುದಿ ಚೂಪು, ಹಿಂದೆ ಅಗಲವಾದ ಕಾಲರ್. ಅದು ಪಾಯಿಂಟ್ 22 ಚೇಂಬರಿನೊಳಗೆ ಸಲೀಸಾಗಿ ಇಳಿದು ಕಾಲರಿನ ಮೇಲೆ ನಿಲ್ಲುತ್ತದೆಂದು ಅಲ್ಲಿನ ಶೂಟರ್‌ಗಳು ಕಂಡುಕೊಂಡರು. ಯಾರೂ ಬಂದೂಕಿಗೆಂದು ಮಾಡಿದ್ದಲ್ಲ. ಕಾಡತೂಸಿನ ಅಂಚು ಕೂರಬೇಕಾದ ಜಾಗದಲ್ಲೇ ಕಾಲರ್ ಕೂತು ಪಿನ್ನಿನ ಪೆಟ್ಟನ್ನು ತಿನ್ನುತ್ತದೆ. ಪೆಟ್ಟು ತಿಂದು ತೂತಾದಾಗ ತಿರುಗಿಸುತ್ತಾರೆ, ಸುತ್ತಲೂ ತೂತಾದರೆ ಬಿಸಾಡುತ್ತಾರೆ.

ನಮ್ಮ ಪೇಟೆಯಲ್ಲಿ ಕಣ್ಣು ಮುಚ್ಚಿ ಕೊಳ್ಳುವ ಹಾಗಿಲ್ಲ. ಇಲ್ಲಿನ ಅನೇಕ ಪ್ಲಗ್ಗುಗಳಿಗೆ ಕಾಲರೇ ಇರುವುದಿಲ್ಲ. ಅಂಥದ್ದು ಚೇಂಬರಿನೊಳಗೆ ಜಾರಿ ಕೂತರೆ ಪಿನ್ನು ಮತ್ತೆ ಉಕ್ಕಿಗೇ ಬಡಿಯುತ್ತದೆ. ಚೇಂಬರಿನ ಅಗಲ ಹೆಚ್ಚು ಕಡಿಮೆ 5.7 ಮಿಲಿಮೀಟರು. ಅದಕ್ಕಿಂತ ದಪ್ಪದ್ದನ್ನು ಒತ್ತಿ ತುರುಕಿದರೆ ತೆಗೆಯುವುದೇ ಒಂದು ಕೆಲಸ. ಬಣ್ಣ ನೋಡಿ ಆರಿಸುವುದೂ ಸಲ್ಲ, ಕಂಪನಿಗೊಂದು ಬಣ್ಣ. ಕಾಲರ್ ಇದೆಯೇ, ಬೆರಳಿನಿಂದಲೇ ಸಡಿಲವಾಗಿ ಇಳಿಯುತ್ತದೆಯೇ, ಬೆರಳಿನಿಂದಲೇ ಹೊರಬರುತ್ತದೆಯೇ, ಇಷ್ಟು ಸಾಕು.

ಪ್ಲಗ್ಗಿಗೆ ಮುಂಚೆ ಎಲ್ಲೆಡೆ ಬಳಕೆಯಲ್ಲಿದ್ದದ್ದು ಖೋಕಾ. ಒಂದು ಸಲ ಸಿಡಿದ ಕೊಳವೆಯ ಅಂಚಿನಲ್ಲಿ ಒಂದೇ ಕಡೆ ತಗ್ಗಿರುತ್ತದೆ. ಅದನ್ನು ಪಿನ್ನಿನಿಂದ ಆಚೆಗೆ ತಿರುಗಿಸಿ ಹಾಕಿದರೆ ಹೊಸ ಹಿತ್ತಾಳೆ ಪೆಟ್ಟಿಗೆ ಸಿಗುತ್ತದೆ. ಹಾಗೆಯೇ ತಿರುಗಿಸುತ್ತ ಕೆಲವು ಹೊಡೆತ ತೆಗೆಯಬಹುದು. ತಗ್ಗಿನ ಮೇಲೆ ತಗ್ಗು ಬಿದ್ದರೆ ರಕ್ಷಣೆಯಿಲ್ಲ. ಆದರೆ ಎನ್‌ಸಿಸಿಯಲ್ಲೂ ಪೊಲೀಸ್ ತರಬೇತಿಯಲ್ಲೂ ಖೋಕಾಕ್ಕೂ ಲೆಕ್ಕ ಒಪ್ಪಿಸಬೇಕು. ದೂರದಿಂದ ನೋಡಿದರೆ ಅದಕ್ಕೂ ನಿಜ ಕಾಡತೂಸಿಗೂ ಬೇಗ ವ್ಯತ್ಯಾಸ ತಿಳಿಯುವುದಿಲ್ಲ ಎಂಬ ದೋಷವೂ ಇದೆ. ನನ್ನ ಮತ ಪ್ಲಗ್ಗಿಗೆ ಬೀಳುವುದು ಇದಕ್ಕಾಗಿಯೇ; ಹಳದಿಯೋ ಕೆಂಪೋ ಇರುವ ಪ್ಲಾಸ್ಟಿಕ್ಕನ್ನು ಯಾರೂ ಗುಂಡೆಂದು ತಿಳಿಯಲಾರರು. ಅಲ್ಯೂಮಿನಿಯಂ ಡಮ್ಮಿ ಕಾಡತೂಸುಗಳು ಮಾರಾಟಕ್ಕಿವೆ. ಆದರೆ ಪಾಯಿಂಟ್ 22ರ ಅಳತೆಯವು ಮುಖ್ಯವಾಗಿ ತುಂಬುವ-ತೆಗೆಯುವ ಅಭ್ಯಾಸಕ್ಕೆಂದು ಮಾಡಿದವು, ಪಿನ್ನಿನ ಪೆಟ್ಟಿಗೆ ಬೇಗ ಸವೆಯುತ್ತವೆ. ಹೆಚ್ಚು ದುಡ್ಡು ಕೊಟ್ಟು ಕೊಂಡದ್ದು ಅಗ್ಗದ್ದಕ್ಕಿಂತ ಕಡಿಮೆ ಕೆಲಸ ಮಾಡುವ ಅಪರೂಪದ ಉದಾಹರಣೆ.

ಇಷ್ಟೆಲ್ಲ ಯಾರಿಗಾಗಿ ಎಂದು ಕೇಳಬಹುದು. ಬೇಟೆಯ ಕಾಲ ಮುಗಿಯಿತು. ಬೀಳಗಿ-ಮುಧೋಳದ ನಡುವಿನ ಯಡಹಳ್ಳಿ ಈಗ ಚಿಂಕಾರ ಅಭಯಾರಣ್ಯ. ಮುಧೋಳದ ಘೋರ್ಪಡೆ ಅರಸರ ಬೇಟೆನಾಯಿ ಸೈನ್ಯಕ್ಕೆ ಸೇರಿದೆ. ಉಳಿದಿರುವುದು ಕ್ರೀಡೆ. ಒಂದು ಕಾಲಕ್ಕೆ ಜಮಖಂಡಿ, ಮುಧೋಳಗಳಂತೆಯೇ ದಖನ್ನಿನ ಸಂಸ್ಥಾನವಾಗಿದ್ದ ಕೊಲ್ಹಾಪುರದ ಕಡೆ ನೋಡಿ. ಅಲ್ಲಿನ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ ರೈಫಲಿನ ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ 3 ಪೊಸಿಷನ್ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ತಂದರು. ಇಬ್ಬರದೂ ಇದೇ ಪಾಯಿಂಟ್ 22 ರಿಮ್‌ಫೈರ್.

ರೈಫಲ್ ಇರುವವರಿಗೆ ಇಷ್ಟು ಹೇಳಬೇಕು. ಮೊದಲು ತಯಾರಕರ ಕೈಪಿಡಿ ಓದಿ. ಅದು ಬೇಡವೆಂದರೆ ಪ್ಲಗ್ಗೂ ಬೇಡ. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ ಬನ್ನಿ. ಮ್ಯಾಗಜಿನ್ ತೆಗೆಯಿರಿ, ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ, ಆಮೇಲೆ ಪ್ಲಗ್ ಹಾಕಿ. ಆಚೆ ಜನರಿಲ್ಲದ ಗಟ್ಟಿ ಗೋಡೆಯ ಕಡೆಗೇ ಗುರಿ ಹಿಡಿಯಿರಿ. ಅಭ್ಯಾಸ ಮುಗಿದ ಮೇಲೆ 'ಇನ್ನೊಂದೇ ಒಂದು' ಎಂದು ಮತ್ತೆ ಕುದುರೆ ಎಳೆಯಬೇಡಿ.