ಆ ಮಗುವಿಗಾಗಿ ದೂರು ಕೊಡುವವರು ಯಾರು?

ಅಡಿಕೆ, ಕಾಫಿ ಕೊಯ್ಲಿನ ಕಾಲ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳಿಗೆ ಹೊರ ಊರುಗಳ ಕೂಲಿಕಾರರ ಕುಟುಂಬಗಳು ಬಂದಿಳಿಯುತ್ತವೆ. ಜೊತೆಗೆ ಮಕ್ಕಳೂ ಬರುತ್ತಾರೆ. ಭಾನುವಾರದ ಬಲಿಪೂಜೆ ಮುಗಿಸಿ ಮರಳುವಾಗ, ಶಾಲೆಯ ಮುಖ ಕಾಣದ ಅಂತಹ ಮಕ್ಕಳು ನಮ್ಮ ಕಣ್ಣಿಗೆ ಬೀಳುವುದುಂಟು. ಕಂಡೂ ಕಾಣದವರಂತೆ ನಾವು ಮುಂದೆ ಸಾಗುತ್ತೇವೆ.

ಹಾಗೆ ಸಾಗುವುದರ ಬೆಲೆ ಎಂಥದೆಂಬುದನ್ನು ಶೃಂಗೇರಿ 2021ರಲ್ಲಿ ಕಂಡಿತು. ಜಲ್ಲಿ ಕ್ರಷರಿನಲ್ಲಿ ದುಡಿಯುತ್ತಿದ್ದ 15 ವರ್ಷದ ಬಾಲಕಿಯ ಮೇಲೆ ಹಲವರು ತಿಂಗಳುಗಟ್ಟಲೆ ಅತ್ಯಾಚಾರವೆಸಗಿದರೆಂಬ ದೂರು ಆ ವರ್ಷದ ಜನವರಿ ಕೊನೆಯಲ್ಲಿ ಪೊಲೀಸರಿಗೆ ತಲುಪಿತು. ದೂರು ಕೊಟ್ಟದ್ದು ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿ. ಅಷ್ಟೂ ತಿಂಗಳು ಆ ದಾರಿಯಲ್ಲಿ ಓಡಾಡಿದವರು ಎಷ್ಟು ಮಂದಿಯೋ!

ಕಾನೂನಿಗೆ ಕೊರತೆಯಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧ ಮೊದಲು ಕೆಲವೇ ಉದ್ಯೋಗಗಳಿಗೆ ಸೀಮಿತವಾಗಿತ್ತು. ಮನೆಗೆಲಸ, ಹೋಟೆಲು ಕೆಲಸಗಳು ಅದಕ್ಕೆ ಸೇರಿದ್ದು 2006ರಲ್ಲಿ. 14 ವರ್ಷ ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು 2016ರ ತಿದ್ದುಪಡಿ ಹೇಳಿತು. 18ರವರೆಗೆ ಅಪಾಯಕಾರಿ ಕೆಲಸಗಳು ನಿಷಿದ್ಧವಾದವು. ತಪ್ಪಿತಸ್ಥ ಮಾಲೀಕನಿಗೆ 6 ತಿಂಗಳಿಂದ 2 ವರ್ಷ ಸೆರೆವಾಸ, ಇಲ್ಲವೆ 20,000ದಿಂದ 50,000 ರೂ. ದಂಡ, ಅಥವಾ ಎರಡೂ. ಮೋಸದಿಂದಲೋ ಆಮಿಷದಿಂದಲೋ ಮಗುವನ್ನು ದುಡಿಮೆಯ ಶೋಷಣೆಗೆ ಸಾಗಿಸುವ ದಲ್ಲಾಳಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಿನಡಿ 10 ವರ್ಷಕ್ಕೆ ಕಡಿಮೆಯಿಲ್ಲದ ಸಜೆಯುಂಟು. ಮುಂಗಡ ಸಾಲ ತೀರಲಿಲ್ಲವೆಂದು ಮಗುವನ್ನು ಹಿಡಿದಿಟ್ಟುಕೊಂಡರೆ ಅದು ಜೀತ. 1976ರ ಕಾಯ್ದೆಯಂತೆ ಆ ಸಾಲವೇ ರದ್ದಾಗುತ್ತದೆ. ಈ ಸಂಗತಿ ಕೂಲಿಯವರಿಗೆ ತಿಳಿದಿರುವುದು ಅಪರೂಪ.

ಶಾಲೆಯ ಬಿಡುವಿನಲ್ಲಿ ಮಗನು ಸ್ವಂತ ಮನೆಯ ಕೆಲಸಕ್ಕೆ ಕೈಗೂಡಿಸಿದರೆ ತಪ್ಪಲ್ಲ, ಕಾಯ್ದೆಯೇ ಅದಕ್ಕೆ ಅವಕಾಶವಿತ್ತಿದೆ. ಆದರೆ ಓದಿಸುತ್ತೇವೆಂದು ಬಡವರ ಹೆಣ್ಣುಮಗುವನ್ನು ಕರೆತಂದು ಪಾತ್ರೆ ತೊಳೆಸುವುದು? ನಮ್ಮ ಕಥೋಲಿಕ ಮನೆಗಳಲ್ಲಿಯೂ ಇದು ನಡೆದುಬಂದದ್ದೇ. ಊಟ, ಬಟ್ಟೆ ಕೊಟ್ಟೆವೆಂಬ ಸಮಾಧಾನ ಬೇರೆ. ದೇಹ, ಮನಸ್ಸು ಬಲಿಯುವ ಮುನ್ನ ಮಕ್ಕಳನ್ನು ಕಾರ್ಖಾನೆಗೆ ದೂಡಬಾರದೆಂದು ಜಗದ್ಗುರು 13ನೆಯ ಲಿಯೋ 1891ರ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿಯೇ ಎಚ್ಚರಿಸಿದ್ದರು. ಆ ಮಾತು ನಮ್ಮ ಅಡುಗೆಮನೆಗೂ ಅನ್ವಯಿಸುವುದೆಂದೇ ನಮ್ಮ ಅಭಿಪ್ರಾಯ.

ನಿಜವಾದ ತೊಡಕು ಸಂಕೋಚ. ಮಾಲೀಕರು ಪರಿಚಿತರು, ಒಂದೇ ಧರ್ಮಕೇಂದ್ರದವರು, ನಾಳೆ ಮದುವೆ ಮುಂಜಿಗಳಲ್ಲಿ ಎದುರಾಗುವವರು. ಅವರ ಮೇಲೆ ದೂರು ಕೊಡುವುದು ಹೇಗೆ? ಆದರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. 1098 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ರಕ್ಷಿಸಿದ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ವಸತಿ, ಶಾಲೆಗಳ ಏರ್ಪಾಡನ್ನು ಸಮಿತಿ ನಿರ್ಧರಿಸುತ್ತದೆ. ಇನ್ನು ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದೂ ಬಾಯಿಬಿಡದಿದ್ದರೆ, 2012ರ ಪೋಕ್ಸೊ ಕಾಯ್ದೆಯಂತೆ ಆ ಮೌನವೇ ಶಿಕ್ಷಾರ್ಹ ಅಪರಾಧ.