ಗಾಲಿಯ ಮೇಲೊಂದು ಬಿಡಾರ

ಉದ್ಯೋಗದಿಂದ ನಿವೃತ್ತರಾದ ಮೇಲೆ ಮಾಡುವುದೇನು? ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ: ಊರಿನಲ್ಲೊಂದು ಮನೆ, ಅದರ ಮುಂದೆ ನಾಲ್ಕು ಹೂವಿನ ಗಿಡ, ಬೆಳಿಗ್ಗೆ ವೃತ್ತಪತ್ರಿಕೆ, ಸಂಜೆ ವಾಯುಸೇವನೆ, ಅನುಕೂಲವಾದಾಗ ಒಂದು ಕಾಶೀಯಾತ್ರೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅನೇಕ ದಂಪತಿಗಳು ಇದಕ್ಕೆ ತಿರುಗುಮುರುಗಾದ ಹಾದಿ ಹಿಡಿಯುತ್ತಾರೆ. ಮನೆಯನ್ನು ಬಿಟ್ಟು ಯಾತ್ರೆಗೆ ಹೋಗುವ ಬದಲು ಮನೆಯನ್ನೇ ಯಾತ್ರೆಗೆ ಹೊರಡಿಸುತ್ತಾರೆ. ಆ ಮನೆಗೆ ‘ಮೋಟಾರು ಮನೆ’ ಎಂದು ಹೆಸರು. ಅದು ನಡೆಯುವ ಬಗೆಯೇನು, ಅದನ್ನು ನಡೆಸುವವರ ಪಾಡೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಮೋಟಾರು ಮನೆಯೆಂದರೆ ಎಂಜಿನ್ನು, ಅಡಿಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಒಂದೇ ಚೌಕಟ್ಟಿನ ಮೇಲೆ ಕುಳಿತಿರುವ ವಾಹನ. ದೊಡ್ಡವು ನಮ್ಮ ಬಸ್ಸಿನಷ್ಟು ಉದ್ದ. ಚಿಕ್ಕವು ವ್ಯಾನಿನೊಳಗೇ ಅಡಕವಾಗಿರುತ್ತವೆ. ಎರಡಕ್ಕೂ ನಡುವಿನ ಒಂದು ಬಗೆಯಲ್ಲಿ ಚಾಲಕನ ನೆತ್ತಿಯ ಮೇಲೆ ಅಟ್ಟದಂತೆ ಹಾಸಿಗೆಯಿರುತ್ತದೆ. ಈ ಪ್ರವಾಸಕ್ಕೆ ರಾಜಮಾರ್ಗವನ್ನು ಒದಗಿಸಿದ್ದು 1956ರ ಹೆದ್ದಾರಿ ಶಾಸನ. ಅಧ್ಯಕ್ಷ ಐಸೆನ್‌ಹೋವರರ ಕಾಲದ ಆ ಶಾಸನದ ಫಲವಾಗಿ ದೇಶದ ಉದ್ದಗಲಕ್ಕೂ ಅಂತರರಾಜ್ಯ ಹೆದ್ದಾರಿಗಳು ಹಬ್ಬಿದುವು. 1966ರಲ್ಲಿ ಅಯೋವ ರಾಜ್ಯದ ವಿನ್ನೆಬೇಗೊ ಕಂಪೆನಿ ಮೋಟಾರು ಮನೆಗಳ ತಯಾರಿಕೆಗೆ ಕೈಹಾಕಿದ ಮೇಲೆ, ಅವು ಸಾಮಾನ್ಯ ಗೃಹಸ್ಥರಿಗೂ ಎಟುಕತೊಡಗಿದುವು.

ಊರಿನ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಬಳಸಿದ ನೀರು ಎಲ್ಲಿಗೋ ಹೋಗುತ್ತದೆ. ಎಲ್ಲಿಂದ, ಎಲ್ಲಿಗೆ ಎಂದು ನಾವು ಕೇಳುವುದಿಲ್ಲ. ಮೋಟಾರು ಮನೆಯಲ್ಲಿ ಕೇಳದೆ ವಿಧಿಯಿಲ್ಲ. ಅದರ ಹೊಟ್ಟೆಯಲ್ಲಿ ಮೂರು ತೊಟ್ಟಿಗಳಿರುತ್ತವೆ: ಒಂದು ಶುದ್ಧ ನೀರಿಗೆ, ಒಂದು ಪಾತ್ರೆ ತೊಳೆದ ಮತ್ತು ಸ್ನಾನ ಮಾಡಿದ ನೀರಿಗೆ, ಮೂರನೆಯದು ಶೌಚದ ಕಲ್ಮಷಕ್ಕೆ. ತಂಗುದಾಣಗಳಲ್ಲಿ ಇವನ್ನು ಬರಿದುಮಾಡಲು ನೆಲದಲ್ಲಿ ಕೊಳವೆಯ ಬಾಯಿ ಇರುತ್ತದೆ. ಮೊದಲು ಶೌಚದ ತೊಟ್ಟಿಯನ್ನು ಬಿಡಬೇಕು. ಅನಂತರ ಸ್ನಾನದ ನೀರನ್ನು ಬಿಟ್ಟರೆ ಅದೇ ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಕುಡಿಯುವ ನೀರಿನ ಕೊಳವೆಯನ್ನು ಬೇರೆಯಾಗಿಯೇ ಇಡತಕ್ಕದ್ದು. ಮೂವತ್ತು ವರ್ಷ ಕಚೇರಿಯಲ್ಲಿ ಅಧಿಕಾರ ನಡೆಸಿದವರಿಗೂ ಈ ಸೇವೆಯಿಂದ ವಿನಾಯಿತಿ ಇಲ್ಲ!

ವಿದ್ಯುತ್ತಿನ ವ್ಯವಸ್ಥೆಯಲ್ಲಿ ಎರಡು ಪಾಲು. ಎಂಜಿನ್ನಿಗೆ ಒಂದು ಬ್ಯಾಟರಿ, ಮನೆಯ ದೀಪ ಮತ್ತು ಪಂಪುಗಳಿಗೆ ಬೇರೆ ಬ್ಯಾಟರಿ. ರಾತ್ರಿ ದೀಪ ಉರಿಸಿದ್ದರಿಂದ ಬೆಳಿಗ್ಗೆ ಎಂಜಿನ್ನು ಮುಷ್ಕರ ಹೂಡಬಾರದೆಂಬುದೇ ಇದರ ಮರ್ಮ. ತಂಗುದಾಣದಲ್ಲಿ ಕಂಬದಿಂದ ವಿದ್ಯುತ್ತು ಪಡೆಯಬಹುದು. ಇನ್ನು ಅನೇಕ ಗಾಡಿಗಳಲ್ಲಿರುವ ತಂಪುಪೆಟ್ಟಿಗೆ ಒಂದು ಸೋಜಿಗ: ಅದು ಅನಿಲದ ಬೆಂಕಿಯಿಂದ ತಂಪಾಗುತ್ತದೆ. ನೀರಿನಲ್ಲಿ ಕರಗಿದ ಅಮೋನಿಯವನ್ನು ಜ್ವಾಲೆಯು ಆವಿಯಾಗಿ ಬೇರ್ಪಡಿಸುತ್ತದೆ. ಆ ಆವಿ ದ್ರವವಾಗಿ, ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ. ದ್ರವವು ತನ್ನ ಭಾರದಿಂದಲೇ ಇಳಿದು ಹರಿಯಬೇಕಾದುದರಿಂದ ಗಾಡಿ ಸಮತಟ್ಟಾಗಿ ನಿಂತಿರಬೇಕು. ಓರೆಯಾಗಿ ನಿಲ್ಲಿಸಿದರೆ ಹಾಲು ಕೆಡುವುದಷ್ಟೇ ಅಲ್ಲ, ಯಂತ್ರವೂ ಕೆಡಬಹುದು.

ಈಗ ಅರವತ್ತೈದು ದಾಟಿದ ದಂಪತಿಗಳೊಂದು ಜೋಡಿ ಬಾಸ್ಟನ್ನಿನಿಂದ ಸಿಯಾಟಲ್ಲಿಗೆ ಹೊರಟಿದ್ದಾರೆಂದು ಭಾವಿಸೋಣ. 90ನೆಯ ಸಂಖ್ಯೆಯ ಹೆದ್ದಾರಿ ಈ ಎರಡು ಕಡಲ ತೀರಗಳನ್ನು ಕೂಡಿಸುತ್ತದೆ. ಉದ್ದ ಸುಮಾರು 3,020 ಮೈಲಿ, ಅಂದರೆ 4,860 ಕಿಲೋಮೀಟರು. ದಿನಕ್ಕೆ 200 ಮೈಲಿಯಂತೆ ಹೋದರೂ ಹದಿನೈದು ದಿನಕ್ಕೆ ಕಡಮೆಯಿಲ್ಲ. ಗ್ಯಾಲನ್ನಿಗೆ ಎಂಟು ಮೈಲಿ ಓಡುವ ಗಾಡಿಯಾದರೆ ಸುಮಾರು 1,400 ಲೀಟರು ಇಂಧನ ಬೇಕು. ದಾರಿಯಲ್ಲಿ ಗಡಿಯಾರವನ್ನು ಮೂರು ಬಾರಿ ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸಬೇಕು.

ಮೊದಲ ಪರೀಕ್ಷೆ ಬಾಸ್ಟನ್ನಿನಲ್ಲಿಯೇ. ಅಲ್ಲಿಯ ಸ್ಟಾರೋ ಡ್ರೈವ್ ಎಂಬ ನದೀತೀರದ ರಸ್ತೆಯಲ್ಲಿ ಸೇತುವೆಗಳು ತಗ್ಗು. ಎತ್ತರದ ಲಾರಿಗಳು ಅವುಗಳಡಿ ಸಿಕ್ಕಿಬೀಳುವುದು ಊರಿಗೆಲ್ಲ ತಿಳಿದ ಮಾತು. ಆದಕಾರಣ ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಚಾಲಕನ ಕಣ್ಣೆದುರಿಗೆ ಅಂಟಿಸುವುದು ರೂಢಿ. ಈರೀ ಸರೋವರದ ದಡ, ಷಿಕಾಗೋ ನಗರ, ಮಿಸಿಸಿಪ್ಪಿ ನದಿ ಕಳೆದು ಸೌತ್ ಡಕೋಟದ ಬಯಲಿಗೆ ಬಂದರೆ ಗಾಳಿಯ ಕಾಟ. ಗೋಡೆಯಂತಿರುವ ಗಾಡಿಯ ಪಕ್ಕಕ್ಕೆ ಬೀಸುವ ಗಾಳಿ ಚಕ್ರವನ್ನೇ ಎಳೆಯುತ್ತದೆ. ಇಂಥ ಕಡೆ ಒಂದು ಪುಟ್ಟ ರೇಡಿಯೋ ಬಹಳ ಉಪಕಾರಿ. ಅಮೆರಿಕದ ಸರ್ಕಾರ ಹವಾಮಾನಕ್ಕೆಂದೇ ಪ್ರತ್ಯೇಕ ಬಾನುಲಿ ಕೇಂದ್ರಗಳನ್ನು ಹಗಲಿರುಳೂ ನಡೆಸುತ್ತದೆ. ಸುಂಟರಗಾಳಿಯ ಮುನ್ನೆಚ್ಚರಿಕೆ ಅವುಗಳಲ್ಲಿ ಕೇಳಿಬರುತ್ತದೆ. ಮುಂದೆ ಮೊಂಟಾನ ರಾಜ್ಯದ ಬ್ಯೂಟ್ ನಗರದ ಬಳಿ ಸುಮಾರು 6,300 ಅಡಿ ಎತ್ತರದ ಘಟ್ಟ. ಅದರ ಮೂಡಣ ಇಳಿಜಾರಿನ ನೀರು ಮಿಸಿಸಿಪ್ಪಿಯ ಮೂಲಕ ಮೆಕ್ಸಿಕೋ ಕೊಲ್ಲಿಗೆ, ಪಡುವಣದ್ದು ಪೆಸಿಫಿಕ್ ಸಾಗರಕ್ಕೆ. ಘಟ್ಟ ಇಳಿಯುವಾಗ ಬ್ರೇಕನ್ನೇ ನೆಚ್ಚಿದರೆ ಅದು ಕಾದು ಹಿಡಿತ ತಪ್ಪುತ್ತದೆ. ಕೆಳಗಿನ ಗೇರಿನಲ್ಲಿ ಎಂಜಿನ್ನಿನಿಂದಲೇ ವೇಗ ತಗ್ಗಿಸಬೇಕು.

ಹಿರಿಯರಿಗೆ ಸೌಲಭ್ಯಗಳೂ ಉಂಟು. 62 ವರ್ಷ ತುಂಬಿದ ಅಮೆರಿಕದ ಪ್ರಜೆಗಳಿಗೆ ರಾಷ್ಟ್ರೀಯ ಉದ್ಯಾನಗಳ ಪ್ರವೇಶಕ್ಕೆ ಆಜೀವ ಚೀಟಿ ದೊರೆಯುತ್ತದೆ. ಅದರ ಬೆಲೆ 2017ರಲ್ಲಿ 10 ಡಾಲರಿನಿಂದ 80ಕ್ಕೆ ಏರಿತು. ತಂಗುದಾಣಗಳು ಅನೇಕ ಕಡೆ ಅರ್ಧ ದರಕ್ಕೆ ಸಿಗುತ್ತವೆ. ಊರಿನ ಮನೆಯನ್ನು ಮಾರಿಯೇ ಹೊರಟವರಿಗೆ ಮಾತ್ರ ವಿಳಾಸದ ತೊಡಕು. ಮತದಾನಕ್ಕೆ, ವಿಮೆಗೆ, ಲೈಸೆನ್ಸಿಗೆ ಒಂದು ಊರು ಬೇಕೇಬೇಕು. ಇಂಥವರಲ್ಲಿ ಅನೇಕರು ಸೌತ್ ಡಕೋಟ, ಟೆಕ್ಸಸ್, ಫ್ಲಾರಿಡ ರಾಜ್ಯಗಳನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ; ಬಂದ ಟಪಾಲನ್ನು ಹಿಂಬಾಲಿಸಿ ಕಳುಹಿಸುವ ಸೇವೆಯೂ ಇದೆ.

ಎಲ್ಲರೂ ಉಲ್ಲಾಸಕ್ಕಾಗಿ ಹೊರಟವರೆಂದು ತಿಳಿಯಬಾರದು. 2008ರ ಆರ್ಥಿಕ ಕುಸಿತದ ಅನಂತರ ಮನೆಯ ಖರ್ಚು ತಾಳಲಾರದೆ ಗಾಡಿಗೆ ಬಂದ ವೃದ್ಧರು ಉಂಟು. ಅವರ ಬಾಳನ್ನು ಕುರಿತು 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಎಂಬ ಪುಸ್ತಕ ಬಂತು. 2020ರಲ್ಲಿ ಅದು ಚಲನಚಿತ್ರವೂ ಆಯಿತು. ಒಬ್ಬರಿಗೆ ವಿಹಾರವಾದ ಗಾಡಿ ಇನ್ನೊಬ್ಬರಿಗೆ ಉಳಿದ ಏಕೈಕ ಸೂರು.

ಯಾರಿಗೇ ಆಗಲಿ, ನಿಜವಾದ ಪ್ರಶ್ನೆ ಬೇರೆಯೇ ಇದೆ. ಸಾಮಾನ್ಯವಾಗಿ ಯಜಮಾನರು ಗಾಡಿ ಓಡಿಸುತ್ತಾರೆ, ಯಜಮಾನಿ ನಕ್ಷೆ ನೋಡುತ್ತಾರೆ. ಅವರು ಕೊಳವೆ ಜೋಡಿಸುತ್ತಾರೆ, ಇವರು ಔಷಧಿಯ ಲೆಕ್ಕ ಇಡುತ್ತಾರೆ. ದಾರಿ ಸುಗಮವಾಗಿರುವಷ್ಟು ದಿನ ಈ ಹಂಚಿಕೆ ಚೆನ್ನ. ಆದರೆ ಜನವಿರಳವಾದ ಬಯಲಿನಲ್ಲಿ ಒಂದು ಬೆಳಿಗ್ಗೆ ಯಜಮಾನರಿಗೆ ಎದೆನೋವು ಬಂದರೆ? ಊರಿನಲ್ಲಾದರೆ ನೆರೆಯವರು ಓಡಿಬರುತ್ತಿದ್ದರು. ಇಲ್ಲಿ ನೆರೆಯವರು ದಿನಕ್ಕೊಬ್ಬರು. ಮನೆಯನ್ನು ಆಸ್ಪತ್ರೆಯಿರುವ ಊರಿಗೆ ಓಡಿಸಿ ತರುವವರೂ ಆಕೆಯೇ ಆಗಬೇಕು. ಬಹುತೇಕ ರಾಜ್ಯಗಳಲ್ಲಿ ಇದಕ್ಕೆ ಕಾರಿನ ಲೈಸೆನ್ಸೇ ಸಾಕು. ಕಾನೂನು ಹೆಚ್ಚಿನ ಅಭ್ಯಾಸವನ್ನು ಕೇಳುವುದಿಲ್ಲ. ಕೇಳಬೇಕಾದವರು ಅವರೇ. ಹೊರಡುವ ಮುನ್ನ ಒಬ್ಬರ ಕೆಲಸವನ್ನು ಇನ್ನೊಬ್ಬರು ಒಂದು ವಾರವಾದರೂ ಮಾಡಿ ನೋಡುವುದು ಲೇಸು.

ಪ್ರಯಾಣ ಎಂದಾದರೊಂದು ದಿನ ನಿಲ್ಲಲೇಬೇಕಲ್ಲ. 1978ರಲ್ಲಿ ಹುಟ್ಟಿದ ‘ಎಸ್ಕೇಪೀಸ್’ ಎಂಬ ಸಂಚಾರಿಗಳ ಸಂಘ ಇದನ್ನು ಮನಗಂಡು, ಟೆಕ್ಸಸಿನ ಲಿವಿಂಗ್‌ಸ್ಟನ್ ಊರಿನಲ್ಲಿ ಒಂದು ಏರ್ಪಾಡು ಮಾಡಿತು. ಮುದಿತನದಿಂದಲೋ ರೋಗದಿಂದಲೋ ಮುಂದೆ ಹೋಗಲಾರದವರು ತಮ್ಮ ಗಾಡಿಯಲ್ಲೇ ನೆಲೆನಿಂತು, ಊಟ ಉಪಚಾರಗಳಿಗೆ ನೆರವು ಪಡೆಯುವ ಏರ್ಪಾಡು ಅದು. ಗಾಲಿಯ ಮೇಲೆ ಮನೆ ಕಟ್ಟಿದವರು ಕೊನೆಗೆ ಕಟ್ಟಿಕೊಂಡದ್ದು ಒಂದು ನೆರೆಹೊರೆಯನ್ನು. ನಮ್ಮಲ್ಲಿ ಅದು ಬಾಗಿಲಾಚೆಗೇ ಇರುವುದರಿಂದ ಅದರ ಬೆಲೆಯನ್ನು ನಾವು ಲೆಕ್ಕ ಹಾಕಿದವರಲ್ಲ. ಗಂಡನ ಕೆಲಸ ಹೆಂಡತಿಗೂ, ಹೆಂಡತಿಯ ಕೆಲಸ ಗಂಡನಿಗೂ ತಿಳಿದಿರಬೇಕೆಂಬ ಪಾಠವಂತೂ ಗಾಲಿಯಿಲ್ಲದ ಮನೆಗೂ ಸಲ್ಲುತ್ತದೆ.