ಮಿಡಿತದ ಲೆಕ್ಕದಲ್ಲಿ ಜೋಡಿ ತಾರೆಗಳು

ಜೋಡಿ ತಾರೆಗಳಲ್ಲಿರುವ ಪಲ್ಸಾರ್‌ಗಳನ್ನು ಕ್ಷ-ಕಿರಣಗಳಲ್ಲಿ ಅಭ್ಯಸಿಸುವ ಖಗೋಳವಿಜ್ಞಾನಿಗಳು ಚಿತ್ರಕ್ಕಿಂತ ಹೆಚ್ಚಾಗಿ ಗಡಿಯಾರವನ್ನು ನೆಚ್ಚುತ್ತಾರೆ. ಸೂರ್ಯನಿಗಿಂತ ತುಸು ಹೆಚ್ಚಿನ ದ್ರವ್ಯವನ್ನು ಇಪ್ಪತ್ತು ಕಿಲೋಮೀಟರ್‌ಗಳಷ್ಟು ವ್ಯಾಸದಲ್ಲಿ ಅಡಗಿಸಿಕೊಂಡ ನ್ಯೂಟ್ರಾನ್ ತಾರೆಯು ತನ್ನ ಸಂಗಾತಿಯಿಂದ ಅನಿಲವನ್ನು ಸೆಳೆದುಕೊಂಡಾಗ, ಆ ಅನಿಲವು ಪ್ರಬಲ ಕಾಂತಕ್ಷೇತ್ರದ ಹಿಡಿತಕ್ಕೆ ಸಿಕ್ಕಿ ಕಾಂತಧ್ರುವಗಳ ಮೇಲೆ ಸುರಿದು, ಕೋಟ್ಯಂತರ ಡಿಗ್ರಿಗೆ ಕಾದು, ಕ್ಷ-ಕಿರಣಗಳನ್ನು ಹೊಮ್ಮಿಸುತ್ತದೆ. ತಾರೆ ತಿರುಗಿದಂತೆ ಆ ಧ್ರುವಗಳು ಭೂಮಿಯತ್ತ ಬಂದುಹೋಗುವುದರಿಂದ ಕಿರಣವು ಮಿಡಿಯುವಂತೆ ತೋರುತ್ತದೆ; ಹೀಗೆ ಮಿಡಿಯುವ ತಾರೆಯೇ ಪಲ್ಸಾರ್. ವಾಯುಮಂಡಲವು ಈ ಕಿರಣಗಳನ್ನು ಹೀರಿಕೊಳ್ಳುವ ಕಾರಣ ವೀಕ್ಷಣೆಗೆ ಉಪಗ್ರಹವೇ ಬೇಕು.

1970ರ ಡಿಸೆಂಬರ್ 12ರಂದು, ಕೀನ್ಯಾದ ಸ್ವಾತಂತ್ರ್ಯ ದಿನದಂದೇ, ಆ ದೇಶದ ಕರಾವಳಿಯಾಚೆಯ ಸಮುದ್ರವೇದಿಕೆಯಿಂದ ಹಾರಿದ 'ಉಹುರು' ಉಪಗ್ರಹವು ಕಿನ್ನರ ಪುಂಜದ ಸೆಂಟಾರಸ್ ಎಕ್ಸ್-3 ಎಂಬ ಆಕರವು 4.8 ಸೆಕೆಂಡಿಗೊಮ್ಮೆ ಮಿಡಿಯುವುದನ್ನು ಗುರುತಿಸಿತು. ಆ ಮಿಡಿತ ಒಮ್ಮೆ ಚುರುಕಾಗಿ ಒಮ್ಮೆ ನಿಧಾನವಾಗಿ ಸುಮಾರು 2.1 ದಿನಗಳಲ್ಲಿ ಒಂದು ಆವರ್ತವನ್ನು ಮುಗಿಸುತ್ತಿತ್ತು. ಅದೇ ಅವಧಿಗೊಮ್ಮೆ ಆಕರವು ಸುಮಾರು ಅರ್ಧ ದಿನ ಮರೆಯಾಗುತ್ತಲೂ ಇತ್ತು; ಅಂದರೆ ಅದು ಇನ್ನೊಂದು ತಾರೆಯನ್ನು ಸುತ್ತುತ್ತ ಅದರ ಹಿಂದೆ ಸರಿಯುತ್ತಿತ್ತು. ಕಕ್ಷೆಯ ಸಮೀಪದ ಬದಿಯಲ್ಲಿರುವಾಗ ಮಿಡಿತಗಳು ಸುಮಾರು 40 ಸೆಕೆಂಡು ಮೊದಲೂ, ದೂರದ ಬದಿಯಲ್ಲಿರುವಾಗ ಅಷ್ಟೇ ತಡವಾಗಿಯೂ ತಲುಪುತ್ತವೆ ಎಂಬುದರಿಂದ ಕಕ್ಷೆಯ ತ್ರಿಜ್ಯ ಸುಮಾರು 1.2 ಕೋಟಿ ಕಿಲೋಮೀಟರ್ ಎಂದು ತಿಳಿಯಿತು. ಸಂಗಾತಿ ತಾರೆ ಯಾವುದೆಂದು ಪೋಲೆಂಡಿನ ಖಗೋಳವಿಜ್ಞಾನಿ ಕ್ರೆಮಿನ್ಸ್ಕಿ ಗುರುತಿಸಿದ್ದು ಆಮೇಲೆ. ಕಾಣದ ಜೊತೆಗಾರನ ಸುತ್ತ ಪಲ್ಸಾರ್ ಸಾಗುವ ದಾರಿಯನ್ನು ಕಾಲದ ಅಳತೆಯಷ್ಟರಿಂದಲೇ ಕಂಡುಕೊಂಡ ಈ ಕೆಲಸ ಇಪ್ಪತ್ತನೆಯ ಶತಮಾನದ ಖಗೋಳಶಾಸ್ತ್ರದ ಚೆಲುವಾದ ತರ್ಕಗಳಲ್ಲೊಂದು.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಭಾರತದ 'ಆಸ್ಟ್ರೋಸ್ಯಾಟ್' ಇದೇ ಹಾದಿಯದು. ಅದರ ಲ್ಯಾಕ್ಸ್‌ಪಿಸಿ ಉಪಕರಣವು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡಿದ್ದು, ಸೆನಾನ್ ಅನಿಲ ತುಂಬಿದ ಮೂರು ದೊಡ್ಡ ಪೆಟ್ಟಿಗೆಗಳಿಂದ ಕೂಡಿದೆ; ಅದು ಚಿತ್ರ ತೆಗೆಯಲಾರದು, ಆದರೆ 3ರಿಂದ 80 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಳ ವ್ಯಾಪ್ತಿಯಲ್ಲಿ ಪ್ರತಿ ಫೋಟಾನ್ ಬಂದ ಗಳಿಗೆಯನ್ನು 10 ಮೈಕ್ರೋಸೆಕೆಂಡಿನ ನಿಖರತೆಯಲ್ಲಿ ದಾಖಲಿಸುತ್ತದೆ. ಮೂರರಲ್ಲಿ ಒಂದು ಪೆಟ್ಟಿಗೆಯನ್ನು ಅನಿಲ ಸೋರಿಕೆಯಿಂದಾಗಿ 2018ರಲ್ಲಿ ಮುಚ್ಚಬೇಕಾಯಿತು. ಬೆಂಗಳೂರಿನ ಬಳಿಯ ಬ್ಯಾಲಾಳು ಕೇಂದ್ರದಲ್ಲಿ ಸಂಗ್ರಹವಾಗುವ ಈ ದತ್ತಾಂಶದ ಸಂಸ್ಕರಣೆಯಲ್ಲಿ ನಿಜವಾದ ಕುಸುರಿ ಕೆಲಸವಿದೆ. ಉಪಗ್ರಹವು ಭೂಮಿಯನ್ನೂ ಭೂಮಿಯು ಸೂರ್ಯನನ್ನೂ ಸುತ್ತುವುದರಿಂದ ಫೋಟಾನ್ ತಲುಪುವ ಸಮಯ ಎಂಟು ನಿಮಿಷಗಳವರೆಗೆ ಹಿಂದುಮುಂದಾಗಬಹುದಾಗಿದ್ದು, ಮೊದಲು ಎಲ್ಲ ಸಮಯಗಳನ್ನೂ ಸೌರಮಂಡಲದ ದ್ರವ್ಯಕೇಂದ್ರಕ್ಕೆ ಹೊಂದಿಸಿ, ಅನಂತರ ಪಲ್ಸಾರ್‌ನ ಸ್ವಂತ ಕಕ್ಷೆಯ ವಿಳಂಬವನ್ನು ಕಳೆದು, ಕೊನೆಗೆ ಸಾವಿರಾರು ಮಿಡಿತಗಳನ್ನು ಒಂದರ ಮೇಲೊಂದು ಸೇರಿಸಿದಾಗ ಸ್ಪಷ್ಟವಾದ ಮಿಡಿತದ ಆಕಾರ ಮೂಡುತ್ತದೆ. ಕಕ್ಷೆಯ ಲೆಕ್ಕ ತಪ್ಪಿದ್ದರೆ ಆ ಆಕಾರ ಮಸುಕಾಗುವುದರಿಂದ ತಪ್ಪು ತಾನಾಗಿಯೇ ಬಯಲಾಗುತ್ತದೆ.

ಮಿಡಿತದ ಜೊತೆಗೆ ವರ್ಣಪಟಲವೂ ಮಾತನಾಡುತ್ತದೆ. 1970ರ ದಶಕದಲ್ಲಿ ಜರ್ಮನ್ ವಿಜ್ಞಾನಿ ಟ್ರೂಂಪರ್ ಅವರ ತಂಡವು ಬಲೂನಿನಲ್ಲಿ ಹಾರಿಸಿದ ಉಪಕರಣವು ಹರ್ಕ್ಯುಲಿಸ್ ಎಕ್ಸ್-1 ಎಂಬ ಇನ್ನೊಂದು ಪಲ್ಸಾರ್‌ನ ವರ್ಣಪಟಲದಲ್ಲಿ ಸೈಕ್ಲೋಟ್ರಾನ್ ರೇಖೆಯನ್ನು, ಅಂದರೆ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ನಿರ್ದಿಷ್ಟ ಶಕ್ತಿಯಲ್ಲಿ ಬಿಡುವ ಗುರುತನ್ನು, ಕಂಡಿತು. ಈ ರೇಖೆಯ ಸ್ಥಾನವೇ ಕಾಂತಕ್ಷೇತ್ರದ ನೇರ ಅಳತೆಯಾಗಿದ್ದು, ಅದು ಲಕ್ಷ ಕೋಟಿ ಗಾಸ್‌ಗಳಷ್ಟು ಪ್ರಬಲವೆಂದು ತೋರಿಸಿತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ 'ಪೋಲಿಕ್ಸ್' ಉಪಕರಣವು ಮಿಡಿತ ಮತ್ತು ವರ್ಣಪಟಲಗಳ ಮಾಹಿತಿಗೆ ಧ್ರುವೀಕರಣವನ್ನು, ಅಂದರೆ ಕಿರಣದ ಕಂಪನವು ಯಾವ ದಿಕ್ಕಿಗೆ ವಾಲಿದೆ ಎಂಬುದನ್ನು, ಸೇರಿಸಹೊರಟಿದೆ. 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದೊಂದಿಗೆ ಹಾರಿದ ಈ ಉಪಕರಣವು ಬೆರಿಲಿಯಂ ತುಂಡಿಗೆ ಬಡಿದು ಚದುರುವ ಕ್ಷ-ಕಿರಣಗಳು ಯಾವ ದಿಕ್ಕಿಗೆ ಹೆಚ್ಚು ಹೋಗುತ್ತವೆಂಬುದನ್ನು ಎಣಿಸುತ್ತದೆ. ಅಮೆರಿಕ-ಇಟಲಿಗಳ 'ಐಎಕ್ಸ್‌ಪಿಇ' ಉಪಗ್ರಹವು ಹರ್ಕ್ಯುಲಿಸ್ ಎಕ್ಸ್-1ರಲ್ಲಿ ಸಿದ್ಧಾಂತಗಳು ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ, ಶೇ. 10ರ ಆಸುಪಾಸಿನ ಧ್ರುವೀಕರಣವನ್ನಷ್ಟೇ ಕಂಡಿದ್ದರಿಂದ ಧ್ರುವಗಳ ಬಳಿ ಅನಿಲ ಹೇಗೆ ನಿಲ್ಲುತ್ತದೆಂಬ ಹಳೆಯ ಚಿತ್ರಣವೇ ಮರುಪರಿಶೀಲನೆಗೆ ಒಳಗಾಗಿದೆ. ಐಎಕ್ಸ್‌ಪಿಇಯ ಅಳತೆ 8 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಳಿಗೆ ನಿಲ್ಲುವುದಾದರೆ ಪೋಲಿಕ್ಸ್‌ನ ವ್ಯಾಪ್ತಿ ಅಲ್ಲಿಂದಲೇ ಆರಂಭವಾಗಿ 30ರವರೆಗೆ ಸಾಗುತ್ತದೆ.